ಉತ್ತರ ಕೊಡುವವರ ಪಾಲು

ಸೆವ್ರಿನ್ ಬಾಯಿಯ ಪ್ರಾರ್ಥನೆಗೆ ಸಾಗರದ ಚರ್ಚಿನಲ್ಲಿ ದೊಡ್ಡ ಹೆಸರಿತ್ತು. ಯಾರ ಮನೆಯಲ್ಲಿ ಸಾವಾಗಲಿ, ಯಾರ ಮಗಳ ಹೆರಿಗೆ ಕಷ್ಟಕ್ಕೆ ಬರಲಿ, ಫಾದರಿಗೆ ಫೋನು ಹೋಗುವ ಮೊದಲೇ ಅವಳ ಮನೆ ಬಾಗಿಲು ತಟ್ಟುತ್ತಿದ್ದರು. ತಲೆಗೆ ಸೆರಗು ಹೊದ್ದು, ಮೊಣಕಾಲೂರಿ, ಒಂದು ಪದ ತಪ್ಪದೆ, ಒಂದು ಕಡೆ ಎಡವದೆ ಜಪಸರ ಹೇಳಿಸುತ್ತಿದ್ದಳು. ಅವಳ ದನಿ ಕೇಳಿದರೆ ಅಳುವ ಮಗು ಸುಮ್ಮನಾಗುತ್ತದೆ ಎಂದು ವಾರ್ಡಿನ ಹೆಂಗಸರು ಹೇಳಿಕೊಳ್ಳುತ್ತಿದ್ದರು. ಒಂದು ಭಾನುವಾರವಂತೂ ಫಾದರ್ ಪ್ರಸಂಗದ ನಡುವೆ, ಮಗನನ್ನು ಕಳಕೊಂಡರೂ ವಿಶ್ವಾಸ ಕಳಕೊಳ್ಳದ ತಾಯಿ ಎಂದು ಅವಳನ್ನೇ ತೋರಿಸಿ ಹೊಗಳಿಬಿಟ್ಟರು. ಅವಳು ತಲೆ ತಗ್ಗಿಸಿ ಕೂತಳು. ಜನ ಅದನ್ನು ವಿನಯ ಅಂದುಕೊಂಡರು. ಜನಕ್ಕೇನು, ತಲೆ ತಗ್ಗಿಸಿದವರನ್ನೆಲ್ಲ ವಿನಯವಂತರೆಂದು ನಂಬಿಬಿಡುತ್ತಾರೆ.

ಜಪಸರದ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ಅದನ್ನು ಒಬ್ಬರೇ ಪೂರ್ತಿ ಹೇಳುವುದಿಲ್ಲ. ಮುಂದೆ ಕೂತವರು ಪ್ರತಿ ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಾರೆ, ಕೂಡಿದವರು ಉಳಿದ ಅರ್ಧವನ್ನು ಉತ್ತರವಾಗಿ ಕೊಡುತ್ತಾರೆ. ಒಂದು ದೊಡ್ಡ ಮಣಿ, ಅದರ ಹಿಂದೆ ಹತ್ತು ಸಣ್ಣ ಮಣಿ; ಇಂಥ ಹತ್ತುಗಳು ಐದು. ಸಣ್ಣ ಮಣಿಗಳಿಗೆ ಮಾತೆ ಮರಿಯಳ ಪ್ರಾರ್ಥನೆ, ದೊಡ್ಡ ಮಣಿಗೆ ಯೇಸುಸ್ವಾಮಿಯೇ ಶಿಷ್ಯರಿಗೆ ಕಲಿಸಿದ್ದು. ಈ ದೊಡ್ಡ ಮಣಿಯ ಮೊದಲ ಅರ್ಧದಲ್ಲಿರುವುದೆಲ್ಲ ದೇವರ ಸಂಗತಿ; ಅವನ ಹೆಸರು, ಅವನ ರಾಜ್ಯ, ಅವನ ಚಿತ್ತ. ನಮ್ಮ ಸಂಗತಿ ಬರುವುದು ಉತ್ತರ ಕೊಡುವವರ ಪಾಲಿನಲ್ಲಿ. ಇವತ್ತಿನ ಅನ್ನ ಕೇಳುವುದು ಅಲ್ಲಿ. ನಮಗೆ ಕೇಡು ಮಾಡಿದವರನ್ನು ನಾವು ಕ್ಷಮಿಸುತ್ತೇವೆ, ಹಾಗೇ ನಮ್ಮನ್ನೂ ಕ್ಷಮಿಸು ಎಂದು ಬೇಡುವುದೂ ಅಲ್ಲೇ.

ಮಗ ಸತ್ತ ಮೇಲೆ ಸೆವ್ರಿನ್ ಬಾಯಿ ಆ ಪಾಲನ್ನು ಬಾಯಿಂದ ಆಡಿರಲಿಲ್ಲ. ಬೇರೆ ವಾರ್ಡುಗಳಲ್ಲಿ ಒಂದೊಂದು ಹತ್ತನ್ನು ಒಬ್ಬೊಬ್ಬರು ಹೇಳಿಸುತ್ತಾರೆ. ಈ ವಾರ್ಡಿನಲ್ಲಿ ಐದಕ್ಕೂ ಇವಳೇ. ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ತಾನು ಉತ್ತರ ಕೊಡಬೇಕಾಗುತ್ತದಲ್ಲ! ಭಕ್ತಿಯಿಂದ ಮುಂದೆ ಕೂತವಳಲ್ಲ ಅವಳು, ತಪ್ಪಿಸಿಕೊಳ್ಳಲು ಮುಂದೆ ಕೂತವಳು.

ಅವಳ ಮಗ ಮೆಲ್ವಿನ್ ವೈರಿಂಗ್ ಕೆಲಸ ಮಾಡುತ್ತಿದ್ದ. ಗಂಡ ಬೇಗ ತೀರಿಕೊಂಡಿದ್ದರಿಂದ ಹೊಲಿಗೆ ಯಂತ್ರ ತುಳಿದು, ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಅವನನ್ನು ಬೆಳೆಸಿದ್ದಳು. ಅದೇ ಬೀದಿಯಲ್ಲಿ ಕಾರ್ಮಿನ್ ಬಾಯಿಯ ಮನೆ. ಎರಡೂ ಕುಟುಂಬ ಅಜ್ಜಂದಿರ ಕಾಲಕ್ಕೆ ಘಟ್ಟ ಹತ್ತಿ ಬಂದವು. ಮನೆಮಾತು ಕೊಂಕಣಿಯಾದರೂ ಮೂರು ತಲೆಮಾರಿನಲ್ಲಿ ಜಗಳ, ಪ್ರೀತಿ ಎಲ್ಲ ಕನ್ನಡಕ್ಕೆ ಬಂದುಬಿಟ್ಟಿತ್ತು. ಕಾರ್ಮಿನಳ ಮಗ ರೋಶನ್ ಸಣ್ಣವನಿದ್ದಾಗ ಅರ್ಧ ದಿನ ಇವಳ ಮನೆಯಲ್ಲೇ ಉಣ್ಣುತ್ತಿದ್ದ, ಇವಳನ್ನು 'ಮಾವ್ಶಿ' ಎಂದು ಕರೆಯುತ್ತಿದ್ದ, ಅಂದರೆ ಚಿಕ್ಕಮ್ಮ. ದೊಡ್ಡವನಾದ ಮೇಲೆ ಪಿಕಪ್ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಿದ್ದ.

ಒಂದು ದಿನ ಇಬ್ಬರೂ ಕಾರ್ಗಲ್ಲಿನ ಮದುವೆ ಮನೆಗೆ ಲೈಟು, ಸ್ಪೀಕರು ಹೇರಿಕೊಂಡು ಹೋದರು. ಹೊರಡುವಾಗ ಸೆವ್ರಿನ್ ಬಾಯಿ ಬಾಗಿಲಲ್ಲಿ ನಿಂತಿದ್ದಳು. ಮೆಲ್ವಿನ್ ಎಡಗಡೆ ಸೀಟಿನಲ್ಲಿ ಕೂತು, ಮೊಣಕೈ ಹೊರಗೆ ಚಾಚಿ, ಅವಳಿಗೆ ಕೈಬೀಸಿದ. ಅವನಿಗೆ ಗಾಡಿ ಓಡಿಸಲು ಬರುತ್ತಲೇ ಇರಲಿಲ್ಲ. ವಾಪಸು ಬರುವಾಗ ತಾಳಗುಪ್ಪದ ಈಚೆ ತಿರುವಿನಲ್ಲಿ ಗಾಡಿ ಮರಕ್ಕೆ ಬಡಿಯಿತು. ಮೆಲ್ವಿನ್ ಅಲ್ಲೇ ಹೋದ. ರೋಶನ್ ಕೈಕಾಲು ಮುರಿದುಕೊಂಡು ಉಳಿದ. ಅವನ ಹೊಟ್ಟೆಯಲ್ಲಿ ಹೆಂಡವಿತ್ತು.

ಮಗನ ಸಾವನ್ನಾದರೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಆಮೇಲೆ ಬಂತು. ಗಾಡಿ ಓಡಿಸುತ್ತಿದ್ದವನು ಮೆಲ್ವಿನ್ ಎಂದು ರೋಶನ್ ಹೇಳಿಕೆ ಕೊಟ್ಟಿದ್ದ. ಹೊರಡುವಾಗಲೂ ಸ್ಟೇರಿಂಗ್ ಹಿಡಿದಿದ್ದವನು ಮೆಲ್ವಿನ್ನೇ, ಕಣ್ಣಾರೆ ಕಂಡೆ ಎಂದು ಕಾರ್ಮಿನ್ ಠಾಣೆಯಲ್ಲಿ ಸಾಕ್ಷಿ ನುಡಿದಿದ್ದಳು. ತಾಯಿಯ ಮಾತನ್ನು ಯಾರು ಕೇಳುತ್ತಾರೆ, ಸೆವ್ರಿನ್ ಬಾಯಿ ಹೇಳಿದ್ದು ಹೊಟ್ಟೆಯ ಸಂಕಟ ಎಂದಾಯಿತು. ಸತ್ತವನೇ ತಪ್ಪಿತಸ್ಥನಾದ, ಕೇಸು ಮುಗಿಯಿತು. ಕುಡಿದು ಓಡಿಸಿ ತಾನೂ ಸತ್ತ, ಪಾಪ ರೋಶನ್ನನ ಕಾಲೂ ಮುರಿದ ಎಂದು ಚರ್ಚಿನ ಅಂಗಳದಲ್ಲೇ ಮಾತಾಡಿಕೊಂಡರು.

ಮೆಲ್ವಿನ್ನನ ಏಳನೇ ದಿನದ ಪ್ರಾರ್ಥನೆಗೆ ಮನೆ ತುಂಬ ಜನ ಕೂಡಿದ್ದರು. ಹೇಳಿಸಬೇಕಾಗಿದ್ದ ವಾರ್ಡಿನ ಹಿರಿಯ, ಮುದುಕ ಗುರಿಕಾರರ ಗಂಟಲು ಕಟ್ಟಿತ್ತು. ಬೇರೆ ಯಾರೂ ಮುಂದೆ ಬಾರದಿದ್ದಾಗ ಸೆವ್ರಿನ್ ಬಾಯಿಯೇ ಜಪಸರ ಕೈಗೆತ್ತಿಕೊಂಡಳು. ದೊಡ್ಡ ಮಣಿ ಬಂದಾಗ ಅವಳಿಗೆ ಹೊಳೆಯಿತು: ತನ್ನ ನಾಲಗೆಯಲ್ಲಿ ಏಳದಿದ್ದ ಆ ಮಾತು ತನ್ನ ಪಾಲಿಗೆ ಬರಲೇ ಇಲ್ಲ. ಜನ ಅದನ್ನು ಅವಳಿಗಾಗಿ ಹೇಳಿ ಮುಗಿಸಿದ್ದರು. ಆ ದಿನ ಅವಳಿಗೆ ಸಿಕ್ಕ ಸಮಾಧಾನ ಅದೊಂದೇ. ಮುಂದಿನ ಮನೆಯಲ್ಲೂ ಅವಳೇ ಹೇಳಿಸಿದಳು. ಅದರ ಮುಂದಿನ ಮನೆಯಲ್ಲೂ.

ಚರ್ಚಿನ ಭಾನುವಾರದ ಪೂಜೆಯಲ್ಲಿ ಅದೇ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುವಾಗ ಮಾತ್ರ ಇಕ್ಕಟ್ಟು. ಆ ಜಾಗ ಬಂದಾಗ ಅವಳಿಗೆ ಕೆಮ್ಮು ಬರುತ್ತಿತ್ತು, ಇಲ್ಲವೇ ಸೆರಗು ಜಾರುತ್ತಿತ್ತು. ಮನೆಯಲ್ಲಿ ಒಬ್ಬಳೇ ಪ್ರಾರ್ಥಿಸುವುದನ್ನು ಬಿಟ್ಟೇಬಿಟ್ಟಳು. ಒಬ್ಬಳೇ ಆದರೆ ಎರಡೂ ಪಾಲು ತನ್ನದೇ ತಾನೆ?

ಹೀಗೆ ವರ್ಷಗಳು ಕಳೆದಂತೆ ಒಳಗೆ ಎಲ್ಲವೂ ಒಣಗಿತು. ದಾರ ಮುಗಿದಿದ್ದರೂ ಹೊಲಿಗೆ ಯಂತ್ರ ತುಳಿದ ಹಾಗೆ. ಬಟ್ಟೆಯಲ್ಲಿ ಸಾಲಾಗಿ ತೂತು ಬೀಳುತ್ತದೆ, ಹೊಲಿಗೆ ಬೀಳುವುದಿಲ್ಲ. ಪ್ರಾರ್ಥನೆಯಲ್ಲಿ ರುಚಿಯೇ ಇಲ್ಲ ಫಾದರ್ ಎಂದು ಒಮ್ಮೆ ಪಾಪನಿವೇದನೆಯಲ್ಲಿ ಹೇಳಿಕೊಂಡಳು. ಇಂಥ ಕಾಲ ಸಂತರಿಗೂ ಬರುತ್ತದೆ, ಇನ್ನೂ ಹೆಚ್ಚು ಪ್ರಾರ್ಥಿಸಿ ಎಂದು ಅವರು ಧೈರ್ಯ ಹೇಳಿದರು. ಅವರಾದರೂ ಏನು ಮಾಡಿಯಾರು, ಇವಳು ರೋಗ ಮುಚ್ಚಿಟ್ಟು ಮದ್ದು ಕೇಳಿದ್ದಳು. ಉಪವಾಸ ಹೆಚ್ಚಿಸಿದಳು. ಒಂಬತ್ತು ದಿನದ ನೊವೆನಾ ಹಿಡಿದಳು. ತೀರ್ಥಹಳ್ಳಿಯಲ್ಲಿ ನಡೆದ ಧ್ಯಾನಕೂಟಕ್ಕೆ ಹೋಗಿ, ಎಲ್ಲರೂ ಕಣ್ಣೀರಿಟ್ಟು ಎದ್ದಾಗ ತಾನೊಬ್ಬಳು ಒಣಗಣ್ಣಲ್ಲಿ ಎದ್ದುಬಂದಳು. ದಾರಿಗೆ ಅಡ್ಡವಿದ್ದ ಒಂದು ಕಲ್ಲನ್ನು ಬಿಟ್ಟು ಉಳಿದದ್ದನ್ನೆಲ್ಲ ಸರಿಸಿ ನೋಡಿದಳು. ಆ ಕಲ್ಲನ್ನು ಮುಟ್ಟಿದರೆ ಮೆಲ್ವಿನ್ನನನ್ನು ಇನ್ನೊಮ್ಮೆ ಕೊಂದಹಾಗೆ ಎಂದು ಅವಳ ನಂಬಿಕೆ. ತಾನೂ ಕ್ಷಮಿಸಿಬಿಟ್ಟರೆ ಅವನ ಪರವಾಗಿ ಈ ಲೋಕದಲ್ಲಿ ಉಳಿಯುವವರು ಯಾರು?

ರೋಶನ್ ಕಾಲು ಎಳೆಯುತ್ತ ನಡೆದಾಡುವಂತಾದ. ಚರ್ಚಿಗೆ ಬರಲಿಲ್ಲ. ಕುಡಿಯುವುದೊಂದೇ ಅವನ ಕೆಲಸವಾಯಿತು. ಕಾರ್ಮಿನ್ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು, ಪೂಜೆ ಮುಗಿಯುವ ಮುಂಚೆ ಎದ್ದು ಹೋಗುತ್ತಿದ್ದಳು. ಒಂದೇ ಬೀದಿಯಲ್ಲಿದ್ದರೂ ಇಬ್ಬರು ಹೆಂಗಸರ ನಡುವೆ ಮಾತಿರಲಿಲ್ಲ.

ಹೀಗೇ ಒಂದು ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಮಧ್ಯಾಹ್ನ, ಸೆಕೆಗೆ ಬೀದಿ ನಾಯಿಗಳೂ ಚರಂಡಿಗೆ ಇಳಿದಿದ್ದಾಗ, ಜಲಜಮ್ಮ ಬಾಗಿಲಿಗೆ ಬಂದಳು. ಜಲಜಮ್ಮ ಕಾರ್ಮಿನ್ ಬಾಯಿಯ ಪಕ್ಕದ ಮನೆಯವಳು, ಜಾತಿ ಧರ್ಮ ಬೇರೆಯಾದರೂ ಇಡೀ ಬೀದಿಯ ಸುಖದುಃಖಕ್ಕೆ ಕರೆಯದೆಯೂ ಬರುವವಳು.

"ಬಾಯಮ್ಮ, ಯಂತ್ರ ನಿಲ್ಸಿ ಸ್ವಲ್ಪ. ರೋಶನ್ ಕರೀತಿದಾನೆ."

ಸೆವ್ರಿನ್ ಬಾಯಿ ಯಂತ್ರ ನಿಲ್ಲಿಸಲಿಲ್ಲ. "ಫಾದರ್ ಬಂದು ಹೋದ್ರಲ್ಲ ಬೆಳಿಗ್ಗೆ. ಪವಿತ್ರ ತೈಲ ಹಚ್ಚಿ ಆಯ್ತಂತೆ. ಇನ್ನು ನಾನೆಂತ ಮಾಡೋದು ಅಲ್ಲಿ?"

"ಫಾದರು ಹೊಸನಗರಕ್ಕೆ ಪೂಜೆಗೆ ಹೋದ್ರು. ತೀರ್ಥಹಳ್ಳಿಯಿಂದ ಕಾರ್ಮಿನ್ ಬಾಯಮ್ಮನ ತಮ್ಮ ಹೊರಟಿದಾನೆ, ಇನ್ನೂ ಬಂದಿಲ್ಲ. ಹುಡುಗಂದು ಇವತ್ತು ಸಂಜೆ ದಾಟಲ್ಲ. ಹೊಟ್ಟೆ ಊದಿ ಇಷ್ಟಾಗಿದೆ, ಕಣ್ಣು ಅರಿಶಿನ. ಶಿವಮೊಗ್ಗದ ಆಸ್ಪತ್ರೆಯೋರು ಮನೆಗೆ ಕರ್ಕಂಡ್ ಹೋಗಿ ಅಂದ್ಮೇಲೆ ಮತ್ತೆಂತ ಉಳೀತು? ನಿಮ್ಮನ್ನೇ ಕೇಳ್ತಿದಾನೆ."

"ನನ್ನಿಂದಾಗಲ್ಲ ಜಲಜಮ್ಮ."

"ಊರೋರ ಮನೆಗೆಲ್ಲ ಹೋಗ್ತೀರಲ್ಲ!" ಜಲಜಮ್ಮನಿಗೆ ಸಿಟ್ಟು ಬಂತು. "ನಮ್ಮಲ್ಲೂ ಹಗೆ ಇಲ್ದೆ ಇಲ್ಲ ಬಾಯಮ್ಮ. ಆದ್ರೂ ಸಾಯೋರು ಕರೆದ್ರೆ ಹೋಗಿ ಬಾಯಿಗೆ ಒಂದು ಚಮಚ ನೀರು ಬಿಟ್ಟು ಬರ್ತೀವಿ. ಆಮೇಲೆ ಬೇಕಾದ್ರೆ ಬೈಕಳಿ, ಯಾರು ಬೇಡ ಅಂತಾರೆ? ಈಗ ಏಳಿ."

ಎದ್ದಳು. ಮನಸ್ಸು ಕರಗಿ ಎದ್ದಳೆಂದು ಯಾರೂ ತಿಳಿಯಬೇಡಿ. ಕರೆದರೂ ಹೋಗಲಿಲ್ಲ ಎಂದು ವಾರ್ಡು ಆಡಿಕೊಳ್ಳುತ್ತದಲ್ಲ, ಆ ಅಂಜಿಕೆಗೆ ಎದ್ದಳು. ನಾಲ್ಕು ಜನ ಕೂಡಿರುತ್ತಾರೆ, ಮೊದಲ ಅರ್ಧ ಹೇಳಿ ಬಂದರಾಯಿತು ಎಂದು ಲೆಕ್ಕ ಹಾಕಿ, ಜಪಸರ ಕೈಗೆ ಸುತ್ತಿಕೊಂಡು ಹೊರಟಳು.

ಆದರೆ ಅಲ್ಲಿ ನಾಲ್ಕು ಜನ ಇರಲಿಲ್ಲ. ಬಾಗಿಲಲ್ಲಿ ಕಾರ್ಮಿನ್ ಒಬ್ಬಳೇ ನಿಂತಿದ್ದಳು, ಅಷ್ಟೂ ವರ್ಷ ಒಂದೇ ಸೀರೆ ಉಟ್ಟವಳಂತೆ ಬಣ್ಣಗೆಟ್ಟು ಹೋಗಿದ್ದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಜಲಜಮ್ಮ, ದನ ಬಿಚ್ಚಿ ಬರ್ತೀನಿ ಎಂದು ಹೋದಳು.

ಕೋಣೆಯಲ್ಲಿ ಡೆಟಾಲಿನ ವಾಸನೆಯ ಕೆಳಗೆ ಇನ್ನೊಂದು ವಾಸನೆಯಿತ್ತು. ಸಾವಿನ ಮನೆಗಳಿಗೆ ಹೋಗಿ ಬಂದವಳಿಗೆ ಅದರ ಪರಿಚಯವಿತ್ತು. ಮಂಚದ ಮೇಲೆ ರೋಶನ್ನನ ಹೊಟ್ಟೆಯೊಂದು ಉಳಿದಿತ್ತು, ಮಿಕ್ಕಿದ್ದೆಲ್ಲ ಮೂಳೆ. ಮೆಲ್ವಿನ್ನನಿಗಿಂತ ಒಂದು ವರ್ಷಕ್ಕೆ ಸಣ್ಣವನು, ಮುದುಕನಂತೆ ಕಾಣುತ್ತಿದ್ದ. ಅವನ ದುರ್ಗತಿ ನೋಡಿದರೆ ತನಗೆ ತಣಿವಾಗುತ್ತದೆ ಎಂದು ಸೆವ್ರಿನ್ ಬಾಯಿ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ನೋಡಿದಳು. ತಣಿವಾಗಲಿಲ್ಲ.

"ಅಮ್ಮಾ, ನೀನು ಒಳಗೆ ಹೋಗು," ಎಂದ ರೋಶನ್. ಕಾರ್ಮಿನ್ ಗಂಜಿ ತಿಳಿ ಬಸಿದು ತರುತ್ತೇನೆಂದು ಅಡುಗೆಮನೆಗೆ ಸರಿದಳು.

"ಮಾವ್ಶಿ, ಗಾಡಿ ಓಡ್ಸಿದ್ದು ನಾನೇ."

"ಗೊತ್ತಿತ್ತು."

"ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು. ಬೆಳಿಗ್ಗೆ ಫಾದರ್ ಹತ್ರ ಹೇಳ್ದೆ. ಠಾಣೆಗೆ ಹೋಗಿ ಹೇಳೋಕೆ ಕಾಲಿಲ್ಲ." ಒಂದೊಂದು ಮಾತಿಗೂ ಅವನು ನಿಂತು ಉಸಿರು ಕೂಡಿಸಿಕೊಳ್ಳುತ್ತಿದ್ದ. "ಅವ್ನು ಬೇಡ ಅಂದಿದ್ದ. ನಿಧಾನ ಹೋಗೋ ಅಂದಿದ್ದ. ಅವ್ನು ಕುಡ್ದೇ ಇರ್ಲಿಲ್ಲ ಮಾವ್ಶಿ."

ಸೆವ್ರಿನ್ ಬಾಯಿಗೆ ಮೈಯೆಲ್ಲ ಉರಿಯಿತು. "ಅದನ್ನ ಹೇಳೋಕೆ ನಿಂಗೆ ಸಾಯೋ ದಿನ ಬರ್ಬೇಕಾಯ್ತಾ?"

ಅವನು ಗೋಡೆಯ ಕಡೆ ಕಣ್ಣು ಹೊರಳಿಸಿದ. "ಅಕ್ಟೋಬರ್ ತಿಂಗ್ಳು ಮನೆಮನೇಲಿ ಜಪಸರ ಆಗುತ್ತಲ್ಲ, ಇಲ್ಲಿ ಮಲಗಿದ್ರೆ ಅಕ್ಕಪಕ್ಕದ ಮನೇದೆಲ್ಲ ಕೇಳುತ್ತೆ. ನಿಮ್ಮ ದನಿ ನಂಗೆ ಚೆನ್ನಾಗಿ ಗೊತ್ತು. ನಾನು ಕಾಯ್ತಿದ್ದೆ. ಐದು ಹತ್ತೂ ನೀವೇ ಹೇಳಿಸ್ತೀರಿ, ಒಂದನ್ನೂ ಬೇರೆಯೋರಿಗೆ ಬಿಡಲ್ಲ. ಉತ್ತರ ಕೊಡುವಾಗ ಎಲ್ರ ದನಿ ಇರುತ್ತೆ, ನಿಮ್ದಿರಲ್ಲ. ಒಂದ್ ವರ್ಷನೂ ಇರ್ಲಿಲ್ಲ."

ಅವಳು ಬೆಚ್ಚಿದಳು. ಫಾದರಿಗೆ ತಿಳಿಯದ್ದು, ಇಡೀ ವಾರ್ಡಿಗೆ ತಿಳಿಯದ್ದು ಈ ಕುಡುಕನಿಗೆ ತಿಳಿದಿತ್ತು. ಆ ಒಂದು ಮಾತಿಗಾಗಿ ಗೋಡೆಗೆ ಕಿವಿಯಿಟ್ಟು ಕಾದವನು ಊರಿನಲ್ಲಿ ಅವನೊಬ್ಬನೇ.

"ಇವತ್ತು ನಾನು ಹೇಳಿಸ್ತೀನಿ," ಎಂದ. "ನೀವು ಉತ್ತರ ಕೊಡಿ. ಒಂದೇ ಸಲ ಸಾಕು."

ಅವಳು ಬೇಡವೆನ್ನುವ ಮೊದಲೇ ಶುರು ಮಾಡಿದ. ಸಣ್ಣವನಿದ್ದಾಗ ಇವಳೇ ಮಡಿಲಲ್ಲಿ ಕೂರಿಸಿಕೊಂಡು ಮೆಲ್ವಿನ್ನನ ಜೊತೆ ಕಲಿಸಿದ್ದ ಪ್ರಾರ್ಥನೆ. ಪರಲೋಕದ ತಂದೆಯನ್ನು ಕರೆದ, ನಿಂತ. ಅವನ ಹೆಸರನ್ನು ಹೊಗಳಿದ, ಮತ್ತೆ ನಿಂತ. ದೇವರ ಚಿತ್ತ ಇಲ್ಲೂ ನಡೆಯಲಿ ಎಂಬಲ್ಲಿಗೆ ಬರುವಷ್ಟರಲ್ಲಿ ಹಣೆ ಬೆವೆತು ಹೋಗಿತ್ತು. ಅಷ್ಟು ಹೇಳಿ ಅವಳ ಮುಖ ನೋಡಿದ.

ಕೋಣೆಯಲ್ಲಿ ಉತ್ತರ ಕೊಡಲು ಅವಳನ್ನು ಬಿಟ್ಟು ಯಾರೂ ಇರಲಿಲ್ಲ.

ಅವಳು ಬಾಯಿ ತೆರೆದಳು. ಅನ್ನದ ಮಾತು ಬಂತು. ಅದರ ಮುಂದಿನದಕ್ಕೆ ನಾಲಗೆ ಎತ್ತಿದಾಗ, ಎಡಗಡೆ ಕಿಟಕಿಯಿಂದ ಹೊರಗೆ ಚಾಚಿದ ಮೊಣಕೈ ಕಣ್ಣಿಗೆ ಬಂತು. ಬೀಸಿದ ಕೈ ಬಂತು. ಎಷ್ಟೋ ಜನ ಸಾಯುವವರ ತಲೆದೆಸೆಯಲ್ಲಿ ಕೂತು ಒಂದು ಪದ ತಪ್ಪದವಳಿಗೆ ಮುಂದಿನ ಪದ ಹುಟ್ಟಲಿಲ್ಲ. ರೋಶನ್ ಕಾಯುತ್ತಿದ್ದ. ರೆಪ್ಪೆ ಮುಚ್ಚಿದರೆ ಎಲ್ಲಿ ತಪ್ಪಿ ಹೋಗುತ್ತದೋ ಎಂಬಂತೆ ಅರಿಶಿನಗಣ್ಣು ಅಗಲಿಸಿ ಕಾಯುತ್ತಿದ್ದ.

"ಇರು ಮಗಾ," ಎಂದಳು. "ಹೇಳ್ತೀನಿ, ಒಂಚೂರು ಇರು."

ಮಗಾ ಎಂದು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯದು. ಅದನ್ನು ಕೇಳಿ ಅವನ ತುಟಿ ಅಲುಗಿತು. ಒಂದು ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕಲ್ಲು ಎತ್ತುವವಳಂತೆ ತನ್ನೊಳಗಿನ ಆ ಮಾತಿಗೆ ಕೈಹಾಕಿದಳು. ಕಣ್ಣು ತೆರೆದಾಗ ಅವನು ನೋಡುತ್ತಲೇ ಇದ್ದ. ಆದರೆ ಮುಂದಿನ ಉಸಿರು ಬರಲಿಲ್ಲ. ಅವಳು ಕಾದಳು. ಬರಲೇ ಇಲ್ಲ.

ರೆಪ್ಪೆ ಎಳೆದು ಮುಚ್ಚಿ ಅವಳು ಅಲ್ಲೇ ಕೂತಳು. ಅಡುಗೆಮನೆಯಲ್ಲಿ ಚಮಚದ ಸದ್ದಾಗುತ್ತಿತ್ತು. ಕಾರ್ಮಿನ್ ಲೋಟದಲ್ಲಿ ಗಂಜಿ ತಿಳಿ ಆರಿಸುತ್ತ ಬಂದಳು. ಬಾಗಿಲಲ್ಲೇ ನಿಂತಳು.

"ಹೋದ," ಎಂದಳು ಸೆವ್ರಿನ್ ಬಾಯಿ.

ಕಾರ್ಮಿನ್ ಅಳಲಿಲ್ಲ. ಲೋಟವನ್ನು ಕಿಟಕಿಯ ದಂಡೆಯ ಮೇಲೆ ಜೋಪಾನವಾಗಿ ಇಟ್ಟು, ಮಗನ ಕಾಲ ಬಳಿ ನೆಲಕ್ಕೆ ಕುಸಿದಳು. ಅಲ್ಲಿಂದಲೇ ಕೇಳಿದಳು. "ಅವ್ನು ಕೇಳಿದ್ದು ಹೇಳಿದ್ಯಾ ಸೆವ್ರಿನ್? ಎಷ್ಟೋ ದಿನದಿಂದ ಅದೊಂದೇ ಜಪ ಅವಂದು. ಹೇಳಿದ್ಯಾ?"

ಹೇಳಿದೆ ಎಂದರೆ ಮುಗಿಯುತ್ತಿತ್ತು. ತಾಯಿಗೆ ನೆಮ್ಮದಿ, ಇವಳ ಹೆಸರಿಗೆ ಇನ್ನೊಂದು ಗರಿ. ಸಾಕ್ಷಿ ಹೇಳಲು ಸತ್ತವನು ಏಳುತ್ತಾನೆಯೇ? ಸತ್ತವನ ಮೇಲೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಸೆವ್ರಿನ್ ಬಾಯಿಗೆ ಆ ಗಳಿಗೆಯಲ್ಲಿ ತಿಳಿಯಿತು. ಮಾತು ನಾಲಗೆಯ ತುದಿಗೆ ಬಂದಿತ್ತು.

"ಇಲ್ಲ," ಎಂದಳು. "ಬಾಯಿಗೆ ಬರ್ಲಿಲ್ಲ. ಇರು ಅಂದೆ. ಅವ್ನು ಇರ್ಲಿಲ್ಲ."

ಕಾರ್ಮಿನ್ ಅವಳನ್ನು ದಿಟ್ಟಿಸಿದಳು. ಬೈದು ಆಚೆ ಅಟ್ಟುತ್ತಾಳೆ ಎಂದು ಸೆವ್ರಿನ್ ಬಾಯಿ ಕಾದಳು, ಅಟ್ಟಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಆದರೆ ಕಾರ್ಮಿನ್ ಮಂಚದ ಕಾಲಿಗೆ ಹಣೆ ಒತ್ತಿಕೊಂಡಳು.

"ಅವನಲ್ಲ ಮಾರಾಯ್ತಿ," ಎಂದಳು. "ಆ ಸುಳ್ಳು ಮೊದ್ಲು ಹೇಳಿದ್ದು ಅವನಲ್ಲ. ಅವನಿಗೆ ಪ್ರಜ್ಞೆನೇ ಇರ್ಲಿಲ್ಲ ಆಸ್ಪತ್ರೇಲಿ. ಠಾಣೆಯೋರು ಕೇಳಿದಾಗ ನಾನೇ ಹೇಳ್ಬಿಟ್ಟೆ, ಮೆಲ್ವಿನ್ ಓಡಿಸ್ತಿದ್ದ ಅಂತ. ನಿನ್ನ ಮಗ ಹೆಂಗೂ ಹೋಗಿದಾನೆ, ನನ್ನ ಮಗನಾದ್ರೂ ಉಳೀಲಿ ಅಂತ. ಎಚ್ಚರ ಆದ್ಮೇಲೆ ಅವ್ನ ಕಾಲಿಗೆ ಬಿದ್ದೆ, ನಾನು ಹೇಳಿದ್ದನ್ನೇ ಹೇಳೋ, ಇಲ್ದಿದ್ರೆ ನಾನು ಒಳಗೆ ಹೋಗ್ತೀನಿ ಅಂದೆ. ಹೇಳ್ದ. ಅವತ್ತಿಂದ ನನ್ನ ಜೊತೆ ಕೂತು ಒಂದು ತುತ್ತು ಉಂಡಿಲ್ಲ. ಉಳಿಸ್ಕೊಂಡೆ ಅಂತಿದ್ದೆ. ನೋಡು, ಹೆಂಗೆ ಉಳಿಸ್ಕೊಂಡಿದೀನಿ."

ಹೊರಗೆ ಯಾರದೋ ಸ್ಕೂಟರು ಹೋಯಿತು. ಅಷ್ಟು ವರ್ಷ ಸೆವ್ರಿನ್ ಬಾಯಿ ಹಗೆಯನ್ನು ಸಾಕಿದ್ದು ಒಬ್ಬನ ಮೇಲೆ, ಕಾರ್ಮಿನ್ ಅವನ ಸುಳ್ಳಿಗೆ ದನಿಗೂಡಿಸಿದಳು ಎಂದಷ್ಟೇ ತಿಳಿದು. ಆ ಒಬ್ಬ, ತಾಯಿಯನ್ನು ಉಳಿಸಲು ಸುಳ್ಳು ನುಡಿದು, ಆ ಸುಳ್ಳನ್ನು ಹೆಂಡದಲ್ಲಿ ಮುಳುಗಿಸಲಾರದೆ ತಾನೇ ಮುಳುಗಿದ ಹುಡುಗ. ಅವಳಿಂದ ಕೇಳಿದ್ದು ಒಂದೇ ಮಾತು. ಅದನ್ನೂ ಕೊಡದೆ ಕಳಿಸಿದ್ದಳು. ಇನ್ನು ಅವಳೂ ಕೇಡು ಮಾಡಿದವರ ಸಾಲಿನವಳೇ, ಕ್ಷಮೆ ಕೇಳಬೇಕಾದವಳೇ. ಅವನ ಹತ್ತಿರ ಕೇಳೋಣವೆಂದರೆ ಅವನಿಲ್ಲ.

ಮುಂದೆ ಕೂತಿದ್ದವಳು ಕಾರ್ಮಿನ್. ಸುಳ್ಳಿನ ಬೇರು ಅವಳೇ. ಎದ್ದು ಹೋಗಿ ಇಡೀ ಬೀದಿಗೆ ಸಾರಬಹುದಿತ್ತು. ಮೆಲ್ವಿನ್ನನ ಹೆಸರು ತೊಳೆಯಬಹುದಿತ್ತು. ತೊಳೆಯಬೇಕು ಕೂಡ, ಅದನ್ನು ಬಿಡುವವಳಲ್ಲ ಅವಳು. ಆದರೆ ಈ ಗಳಿಗೆ ಅದಕ್ಕಲ್ಲ ಎಂದು ಅವಳಿಗೆ ಅನ್ನಿಸಿತು. ಈ ಗಳಿಗೆಯನ್ನೂ ಇರು ಎಂದು ನಿಲ್ಲಿಸಿದರೆ, ಇದೂ ನಿಲ್ಲುವುದಿಲ್ಲ.

ಕೈಗೆ ಸುತ್ತಿಕೊಂಡಿದ್ದ ಜಪಸರ ಬಿಚ್ಚಿ ಕಾರ್ಮಿನಳ ಮಡಿಲಿಗೆ ಹಾಕಿದಳು.

"ನೀನು ಹೇಳ್ಸು."

"ಎಂತ?"

"ಜಪಸರ. ನಿನ್ನ ಮಗ ಶುರು ಮಾಡಿ ಅರ್ಧಕ್ಕೆ ಬಿಟ್ಟಿದಾನೆ. ನೀನು ಹೇಳ್ಸು, ನಾನು ಉತ್ತರ ಕೊಡ್ತೀನಿ."

"ನಂಗೆ ಬಾಯಿ ಬರಲ್ಲ ಸೆವ್ರಿನ್. ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನಂಗೆ ಯಾವ ಮುಖ ಇದೆ? ಹೇಳ್ಸು."

ಕಾರ್ಮಿನ್ ಮಣಿ ಹಿಡಿದಳು. ಹೇಳಿಸಿ ಅಭ್ಯಾಸವಿಲ್ಲದವಳು, ಎರಡು ಕಡೆ ತಪ್ಪಿದಳು, ಒಂದು ಕಡೆ ಹಿಂದೆ ಹೋಗಿ ಮತ್ತೆ ಬಂದಳು. ಬೇರೆ ದಿನವಾಗಿದ್ದರೆ ಸೆವ್ರಿನ್ ಬಾಯಿ ತಿದ್ದುತ್ತಿದ್ದಳು. ಇವತ್ತು ಕಾದಳು. ದೇವರ ಚಿತ್ತದವರೆಗೆ ಬಂದು ಕಾರ್ಮಿನ್ ನಿಂತಳು, ತಲೆ ಎತ್ತಲಿಲ್ಲ.

ಸೆವ್ರಿನ್ ಬಾಯಿ ಅನ್ನದ ಮಾತು ಹೇಳಿದಳು. ಅಲ್ಲಿಗೆ ನಿಂತಳು. ಮೊಣಕೈ ಮತ್ತೆ ಕಣ್ಣ ಮುಂದೆ ಬಂತು, ಹೋಗಲಿಲ್ಲ. ಅದು ಹೋಗುವವರೆಗೆ ಕಾಯುತ್ತ ಕೂತರೆ ಈ ಜನ್ಮಕ್ಕೆ ಹೇಳಲಾಗದು ಎಂದು ತಿಳಿದು, ಅದನ್ನು ನೋಡುತ್ತಲೇ ಉಳಿದದ್ದನ್ನು ಹೇಳಿದಳು. ಕ್ಷಮಿಸುತ್ತೇವೆ ಎಂದಳು, ಕ್ಷಮಿಸು ಎಂದಳು. ಹೊಗಳಿಕೆ ಪಡೆದ ಆ ದನಿಯಲ್ಲ. ಒಡೆದ, ಒರಟು, ಜಗಳಕ್ಕೆ ನಿಂತವರ ದನಿ. ಅದರಲ್ಲಿ ಶಾಂತಿ ಇರಲಿಲ್ಲ. ಎದೆ ಒಪ್ಪಿರಲಿಲ್ಲ, ಬಾಯಿ ಮಾತ್ರ ಮುಂದೆ ಹೋಗಿತ್ತು. ಆದರೆ ಹೇಳಿ ಮುಗಿಸುವ ಹೊತ್ತಿಗೆ ಅವಳ ಕೆನ್ನೆ ಒದ್ದೆಯಾಗಿತ್ತು. ಮಗನನ್ನು ಮಣ್ಣು ಮಾಡಿದ ಮೇಲೆ ದೇವರ ಮುಂದೆ ಅವಳು ಅತ್ತದ್ದು ಅದೇ ಮೊದಲು.

ಮಂಚದ ಮೇಲಿದ್ದವನಿಗೆ ಅದು ಕೇಳಿಸಲಿಲ್ಲ. ಅದನ್ನು ಅವಳು ಮರೆಯಲಿಲ್ಲ, ಮುಂದೆಯೂ ಮರೆಯುವಂತಿರಲಿಲ್ಲ.

ಕಾರ್ಮಿನ್ ಬೆರಳನ್ನು ಸಣ್ಣ ಮಣಿಗೆ ಸರಿಸಿದಳು. ಜಪಸರದಲ್ಲಿ ದೊಡ್ಡ ಮಣಿಗಳು ಇನ್ನೂ ನಾಲ್ಕಿದ್ದವು.